ನಿದ್ದೆಯಲ್ಲಿ ನಾನು ಕಾರು ಕಲಿತದ್ದು

ನಿದ್ದೆಯಲ್ಲೇ ಕಾರು ಓಡಿಸಲು ಕಲಿಯಬಹುದು ಎಂದು ಗೊತ್ತಾದ ದಿನ ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಯಜಮಾನರು ಓದಿದರೂ ಚಿಂತೆಯಿಲ್ಲ. ಅವರದೂ ಅದೇ ಅಭಿಪ್ರಾಯ ಇದ್ದೀತು.

ಎಚ್ಚರವಿದ್ದು ಕಲಿಯುವ ಪ್ರಯತ್ನವನ್ನು ಆಗಲೇ ಮುಗಿಸಿದ್ದೆ. ಡ್ರೈವಿಂಗ್ ಟೆಸ್ಟಿಗೆ ನಾಲ್ಕು ಸಲ ಕೂತು ನಾಲ್ಕು ಸಲವೂ ಫೇಲಾದವಳು ನಾನು. ಕಾರಣ ಒಂದೇ, ರೌಂಡಬೌಟ್, ಅಂದರೆ ರಸ್ತೆಗಳು ಕೂಡುವ ಕಡೆಯ ವೃತ್ತ. ಸುತ್ತುತ್ತಿರುವ ಗಾಡಿಗಳ ನಡುವೆ ಸಂದು ಕಂಡ ಕೂಡಲೇ ನುಗ್ಗಬೇಕು. ನನಗೆ ಸಂದು ಕಂಡಾಗಲೆಲ್ಲ, ಪಾಪ, ಬೇರೆ ಯಾರಿಗಾದರೂ ಅವಸರವಿದೆಯೇನೋ ಎನಿಸುತ್ತದೆ. ನಾಲ್ಕನೇ ಟೆಸ್ಟಿನಲ್ಲಿ ನಾನು ಎಷ್ಟು ಹೊತ್ತು ನಿಂತೆನೆಂದರೆ, ಹಿಂದಿದ್ದ ವ್ಯಾನಿನವನು ಇಳಿದು ಬಂದು, ಕಾರು ಕೆಟ್ಟಿದೆಯೇ, ತಳ್ಳಬೇಕೇ ಎಂದು ವಿಚಾರಿಸಿದ.

ಆದರೆ ಈ ಸಲ ಲೈಸೆನ್ಸ್ ಬೇಕೇ ಬೇಕಿತ್ತು. ಮೈಸೂರಿನಲ್ಲಿ ಡಯಟಿಷಿಯನ್ ಆಗಿದ್ದ ನಾನು ಲಂಡನ್ನಿಗೆ ಬಂದ ಮೇಲೆ ಮಗಳು, ಮನೆ ಎಂದು ಹದಿನಾಲ್ಕು ವರ್ಷ ಕಳೆದುಬಿಟ್ಟಿದ್ದೆ. ಈಗ ನಲವತ್ತಾರನೇ ವಯಸ್ಸಿನಲ್ಲಿ ಒಂದು ಸಂಸ್ಥೆಯವರು ಕೆಲಸ ಕೊಡಲು ಒಪ್ಪಿದ್ದರು. ವಯಸ್ಸಾದವರ ಮನೆಗಳಿಗೆ ಹೋಗಿ ಅವರ ಊಟ ತಿಂಡಿ ವಿಚಾರಿಸುವ ಕೆಲಸ. ಷರತ್ತು ಇಷ್ಟೇ: ಕಾರು ಓಡಿಸಿಕೊಂಡು ಹೋಗಬೇಕು, ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಆ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಹಾಲು ತೆಗೆಯುವಾಗಲೆಲ್ಲ ಓದುತ್ತಿದ್ದೆ. ಡಾಕ್ಟರ ಹೆಂಡತಿ, ಅನ್ವಿಯ ಅಮ್ಮ ಎನ್ನದೆ ಯಾರೋ ನನ್ನನ್ನು ನನ್ನದೇ ಹೆಸರಿನಿಂದ ಕರೆದಿದ್ದರು.

ಐದನೇ ಟೆಸ್ಟಿಗೆ ಮೂರು ವಾರ ಇರುವಾಗ ಇಂಟರ್‌ನೆಟ್ಟಿನಲ್ಲಿ ಆ ಪಾಠ ಸಿಕ್ಕಿತು. ಸ್ವಸಮ್ಮೋಹನದಿಂದ ಕನಸಿನೊಳಗೇ ಎಚ್ಚರವಾಗಿ ವ್ಯಕ್ತಿತ್ವ ಬೆಳೆಸಿಕೊಳ್ಳುವುದು ಹೇಗೆ ಎಂಬ ಪಾಠ. ವಿಧಾನ ಸರಳ. ಹಗಲಿನಲ್ಲಿ ಗಂಟೆಗೊಮ್ಮೆ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು, ಬೆರಳು ಎಣಿಸಿ, ‘ಇದು ಕನಸೇ?’ ಎಂದು ಕೇಳಿಕೊಳ್ಳಬೇಕು. ಮಲಗುವ ಮುಂಚೆ ನಮ್ಮದೇ ದನಿಯ ರೆಕಾರ್ಡಿಂಗ್ ಕೇಳುತ್ತ ಮನಸ್ಸಿಗೆ ಅದನ್ನೇ ತುಂಬಬೇಕು. ಅಭ್ಯಾಸ ಗಟ್ಟಿಯಾದರೆ ಕನಸಿನಲ್ಲೂ ಕೈ ತಾನಾಗಿ ಮುಖದ ಮುಂದೆ ಬರುತ್ತದೆ. ಅಲ್ಲಿ ಬೆರಳು ಆರೋ ಏಳೋ ಕಾಣುತ್ತವೆ. ಆಗ ಇದು ಕನಸು ಎಂದು ನಮಗೆ ತಿಳಿಯುತ್ತದೆ, ಅಲ್ಲಿಂದ ಮುಂದೆ ಕನಸು ನಾವು ಹೇಳಿದ ಹಾಗೆ ಕೇಳುತ್ತದೆ. ಬೇಕಾದವರು ಆಕಾಶದಲ್ಲಿ ಹಾರಬಹುದಂತೆ. ನನಗೆ ಅಂಥ ದುರಾಸೆ ಇರಲಿಲ್ಲ. ಒಂದು ಕಾರು, ಒಂದು ರೌಂಡಬೌಟ್ ಸಾಕಾಗಿತ್ತು.

ನನ್ನ ಯಜಮಾನರು ಧಾರವಾಡದವರು. ಇಲ್ಲಿನ ಆಸ್ಪತ್ರೆಯಲ್ಲಿ, ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ವಿಷಯ ಕೇಳಿ ಚಹಾದ ಲೋಟ ಕೆಳಗಿಟ್ಟರು.

“ಸುಮಾ, ನಾ ದಿನಾ ಮಂದೀಗೆ ನಿದ್ದಿ ಬರಸ್ತೇನಿ. ಅದಕ್ಕ ಔಷಧ ಬೇಕು, ಮಶೀನ್ ಬೇಕು, ಬಾಜೂಕ ಒಬ್ಬಾಕಿ ನರ್ಸ್ ಬೇಕು. ನೀ ಬರೇ ಮೊಬೈಲ್‌ದಾಗ ಮುಗಸ್ತೇನಿ ಅಂತೀಯಲ್ಲ.”

“ನಿಮ್ಮ ರೋಗಿಗಳು ನಿದ್ದೆಯಲ್ಲಿ ಏನಾದ್ರೂ ಕಲಿತಾರಾ?”

“ಇಲ್ಲ.”

“ಮತ್ತೆ? ನನ್ನದು ಮುಂದುವರಿದ ವಿಧಾನ ರೀ.”

ಅವರು ಲೋಟ ಎತ್ತಿಕೊಂಡು ಬೇರೆ ಕೋಣೆಗೆ ಹೋದರು.

ರೆಕಾರ್ಡಿಂಗಿಗೆ ಕನ್ನಡವೇ ಸರಿ ಎಂದು ತೀರ್ಮಾನಿಸಿದೆ. ‘ನಿಮ್ಮ ಕಣ್ಣುಗಳು ಭಾರವಾಗುತ್ತಿವೆ. ನೀವು ಅಂಗೈ ನೋಡುತ್ತೀರಿ’ ಎಂದು ನನ್ನನ್ನು ನಾನೇ ಬಹುವಚನದಲ್ಲಿ ಕರೆದುಕೊಂಡೆ. ಈ ಮನೆಯಲ್ಲಿ ಬೇರೆ ಯಾರೂ ಹಾಗೆ ಕರೆಯುವುದಿಲ್ಲ. ದನಿ ಗಂಭೀರವಾಗಿಯೇ ಬಂದಿತ್ತು. ಆದರೆ ಅದೇ ಹೊತ್ತಿಗೆ ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಹತ್ತರಿಂದ ಒಂದರವರೆಗೆ ಇಳಿಸುತ್ತ ಎಣಿಸಿ, ಮನಸ್ಸು ಇನ್ನೇನು ಮುಳುಗಿತು ಎನ್ನುವಾಗ ಮೊಬೈಲಿನೊಳಗಿಂದ ಕುಕ್ಕರ್ ಕೂಗುತ್ತಿತ್ತು. ನಾನು ಎದ್ದು ಓಡಿ ಹೋಗಿ ಆರಿರುವ ಒಲೆಯನ್ನು ಆರಿಸುತ್ತಿದ್ದೆ. ಮೂರು ದಿನ ಹೀಗಾದ ಮೇಲೆ ಹೊಸದಾಗಿ ರೆಕಾರ್ಡ್ ಮಾಡಿದೆ. ಹೌನ್ಸ್ಲೋದಲ್ಲಿ ನಮ್ಮ ಮನೆ ವಿಮಾನ ಇಳಿಯುವ ದಾರಿಯ ಕೆಳಗೇ ಇದೆ. ಎರಡು ವಿಮಾನಗಳ ನಡುವೆ ಸಿಕ್ಕ ಬಿಡುವಿನಲ್ಲಿ ಹೇಳಿದ್ದರಿಂದ, ಹೊಸ ಸಮ್ಮೋಹನ ಹರಾಜು ಕೂಗುವವನ ವೇಗದಲ್ಲಿ ಬಂತು.

ಹಗಲಿನ ಅಭ್ಯಾಸ ಮಾತ್ರ ಬಿಡದೆ ನಡೆಸಿದೆ. ಬಸ್ಸಿನಲ್ಲಿ ಅಂಗೈ ನೋಡಿದೆ. ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ ಅಂಗೈ ನೋಡಿದೆ. “ಅಮ್ಮಾ, ಪ್ಲೀಸ್ ಸ್ಟಾಪ್,” ಎಂದು ಅನ್ವಿ ನೆಲ ನೋಡಿದಳು. ಸೌತ್‌ಹಾಲಿನ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತ ನಡುವೆ ಅಂಗೈ ನೋಡುವಾಗ, ಪಕ್ಕದಲ್ಲಿದ್ದ ಪಂಜಾಬಿ ಅಜ್ಜಿ ತಮ್ಮ ಅಂಗೈಯನ್ನೂ ನನ್ನ ಮುಂದೆ ಚಾಚಿದರು. ಬಿಡಿಸಿ ಹೇಳುವಷ್ಟು ಹಿಂದಿ ನನಗೆ ಬಾರದು. ಮಗನಿಗೆ ಬೇಗ ಮದುವೆಯಾಗುತ್ತದೆ ಎಂದುಬಿಟ್ಟೆ. ಆ ಸಂಭ್ರಮದಲ್ಲಿ ಅವರು ನನಗೊಂದು ಕಟ್ಟು ಕೊತ್ತಂಬರಿ ಕೊಡಿಸಿದರು. ಆ ಮೂರು ವಾರದಲ್ಲಿ ಈ ವಿದ್ಯೆಯಿಂದ ನನಗಾದ ಲಾಭ ಅದೊಂದೇ.

ಹತ್ತನೇ ದಿನ ಬೆಳಗಿನ ಜಾವ ಕನಸು ಬಿತ್ತು. ನಾನು ಕಾರಿನಲ್ಲಿ ಕೂತಿದ್ದೇನೆ, ಎದುರಿಗೆ ರೌಂಡಬೌಟ್. ಕೈ ತಾನಾಗಿ ಮುಖದ ಮುಂದೆ ಬಂತು. ಬಲಗೈಯಲ್ಲಿ ಏಳು ಬೆರಳು! ಇದು ಕನಸು, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಎಚ್ಚರವಾಯಿತು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಕಾರು ಬರುತ್ತದೆ, ಬೆರಳು ಹೆಚ್ಚುತ್ತವೆ, ನಾನು ಹಾಸಿಗೆಯ ಮೇಲೆ ಎದ್ದು ಕೂತಿರುತ್ತೇನೆ. ಒಂದೇ ಒಂದು ಸಲವೂ ಮೊದಲನೇ ಗೇರ್ ದಾಟಲಿಲ್ಲ. ಏಳನೇ ಸಲ ಎದ್ದು ಕೂತು, ಮಡಿಲಲ್ಲಿ ಬಿಡಿಸಿಟ್ಟುಕೊಂಡ ಅಂಗೈಗಳನ್ನು ನೋಡುವಾಗ ಕಾರಣ ಹೊಳೆಯಿತು. ನಾನು ನಾಲ್ಕು ವರ್ಷದವಳಿದ್ದಾಗ ನಮ್ಮಜ್ಜಿ ಹೇಳಿಕೊಟ್ಟಿದ್ದರು: ಬೆಳಿಗ್ಗೆ ಎಚ್ಚರವಾದ ಕೂಡಲೇ ಮೊದಲು ನಿನ್ನ ಅಂಗೈ ನೋಡಿಕೊಂಡು, ಶ್ಲೋಕ ಹೇಳಿ ಏಳಬೇಕು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಅಂಗೈ ಕಂಡಿತೆಂದರೆ ನನ್ನ ದೇಹಕ್ಕೆ ಗೊತ್ತಿರುವುದು ಒಂದೇ: ಬೆಳಗಾಯಿತು, ಎದ್ದು ಹಾಲಿಡು. ಜಗತ್ತಿಗೆಲ್ಲ ಕನಸಿನ ಬಾಗಿಲು ತೆರೆಯುವ ಬೀಗದ ಕೈ ನನ್ನನ್ನು ಅಡುಗೆಮನೆಗೆ ಕಳಿಸುತ್ತಿತ್ತು.

“ಅದನ್ನ ಬಿಟ್ಟಬಿಡು,” ಎಂದರು ಯಜಮಾನರು. “ಮಾರಿ ನೋಡ್ಕೋ ಕನ್ನಡಿಯೊಳಗ. ನನ್ನ ಪೇಷಂಟ್‌ಗಳು ನಿನಗಿಂತ ಚಲೋ ಕಾಣ್ತಾರ.”

ಬಿಡಲು ಹೋದೆ. ಆಗಲಿಲ್ಲ. ಎಲ್ಲಿ ನಿಂತರೂ ಕೈ ತಾನಾಗಿ ಮೇಲೆ ಬರುತ್ತಿತ್ತು.

ಟೆಸ್ಟಿನ ದಿನ ಬಂತು. ಪರೀಕ್ಷಕರು ತೆಳ್ಳಗಿನ, ಸೌಮ್ಯ ಮನುಷ್ಯ. ಡ್ರೈವಿಂಗ್ ಸ್ಕೂಲಿನ ಕಾರು ಹತ್ತಿದೆವು. ಏನಾಯಿತೋ ತಿಳಿಯದು, ಕಾರು ನಾನು ಹೇಳಿದ ಹಾಗೆ ಕೇಳತೊಡಗಿತು. ಗೇರ್ ಬೆಣ್ಣೆಯ ಹಾಗೆ ಬಿತ್ತು. ಹಿಂದಕ್ಕೆ ತೆಗೆದು ನಿಲ್ಲಿಸು ಎಂದರೆ ಗೆರೆಯೊಳಗೆ ನಿಂತಿತು. ಕೊನೆಗೆ ಅದೇ ರೌಂಡಬೌಟ್ ಎದುರಾಯಿತು. ಬಲಕ್ಕೆ ನೋಡಿದೆ. ಸಂದು ಕಂಡಿತು. ಯಾರ ಅವಸರವನ್ನೂ ಯೋಚಿಸದೆ ನುಗ್ಗಿದೆ. ಹಿಂದೆ ಯಾರೂ ಹಾರ್ನ್ ಹೊಡೆಯಲಿಲ್ಲ. ಪರೀಕ್ಷಕರ ಮುಖದಲ್ಲಿ ಒಂದು ಸಣ್ಣ ನಗೆ ಕೂಡ ಕಂಡ ಹಾಗಾಯಿತು.

ಇಷ್ಟು ಚೆನ್ನಾಗಿ ಓಡಿಸುತ್ತಿರುವುದು ನಾನೇ? ಸಾಧ್ಯವಿಲ್ಲ. ಇದು ಕನಸೇ ಇರಬೇಕು.

ಎರಡೂ ಕೈಗಳು ಸ್ಟೀರಿಂಗ್ ಬಿಟ್ಟು ಮುಖದ ಮುಂದೆ ಬಂದವು. ಶ್ರದ್ಧೆಯಿಂದ ಎಣಿಸಿದೆ. ಎಡಗೈಯಲ್ಲಿ ಐದು, ಬಲಗೈಯಲ್ಲಿ ಐದು. ಕನಸಲ್ಲ ಎಂಬುದು ಖಚಿತವಾಗುವ ಹೊತ್ತಿಗೆ ಪರೀಕ್ಷಕರು ತಮ್ಮ ಕಡೆಯ ಬ್ರೇಕ್ ಒತ್ತಿ, ಸ್ಟೀರಿಂಗ್ ಹಿಡಿದು, ಕಾರನ್ನು ರಸ್ತೆಯ ಅಂಚಿಗೆ ತಂದಿದ್ದರು.

ಅವರು ಹ್ಯಾಂಡ್‌ಬ್ರೇಕ್ ಎಳೆದರು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, ಈಗ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

“ಬೆರಳು ಎಣಿಸುತ್ತಿದ್ದೆ.”

“ಸರಿಯಾಗಿವೆಯೇ?”

“ಹತ್ತೂ ಇವೆ.”

ಅವರು ಏನೋ ಬರೆದುಕೊಂಡರು. ಟೆಸ್ಟ್ ಅಲ್ಲಿಗೇ ಮುಗಿಯಿತು ಎಂದರು. ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಕಚೇರಿಗೆ ನಡೆದುಕೊಂಡು ಹೋದೆವು. ದಾರಿಯಲ್ಲಿ ರಸ್ತೆ ದಾಟುವಾಗ ಅವರು ನನ್ನ ಮೊಣಕೈ ಹಿಡಿದು ದಾಟಿಸಿದರು. ಕಾರಿರಲಿ, ಕಾಲ್ನಡಿಗೆಯಲ್ಲೂ ನನ್ನ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ.

ಸಂಸ್ಥೆಗೆ ಫೋನ್ ಮಾಡಿ ಹೇಳಿದೆ. ಬಹಳ ಮರ್ಯಾದೆಯಿಂದ ವಿಷಾದಿಸಿದರು. ಫ್ರಿಜ್ಜಿನ ಬಾಗಿಲಿನಿಂದ ಪತ್ರ ಕಿತ್ತು, ಮಡಚಿ ಡ್ರಾಯರಿನಲ್ಲಿಟ್ಟು, ಅಲ್ಲೇ ನಿಂತು ಅತ್ತೆ. ಯಜಮಾನರು ಬಂದು ಪಕ್ಕದಲ್ಲಿ ನಿಂತರು. ನಗಲಿಲ್ಲ.

“ಕೈ ಬಿಟ್ಟಿದ್ದು ಹೋಗ್ಲಿ. ಅಲ್ಲೀತನಕ ಹೆಂಗ ಓಡಿಸಿದಿ?”

“ಚೆನ್ನಾಗಿ ಓಡಿಸಿದೆ ರೀ. ಅದಕ್ಕೇ ನಂಬಿಕೆ ಬರಲಿಲ್ಲ.”

ನನ್ನ ಮೇಲೆ ನನಗೆ ನಂಬಿಕೆ ಬರಲಿ ಎಂದು ತಾನೇ ಇದನ್ನೆಲ್ಲ ಶುರು ಮಾಡಿದ್ದು. ಅವರೇ ಎರಡು ಲೋಟ ಚಹಾ ಮಾಡಿದರು. ಸಕ್ಕರೆ ಹಾಕಲು ಮರೆತಿದ್ದರು, ಇಬ್ಬರೂ ಹಾಗೇ ಕುಡಿದೆವು.

ಅಂದು ರೆಕಾರ್ಡಿಂಗ್ ಕೇಳದೆ ಮಲಗಿದೆ. ಒಳ್ಳೆಯ ನಿದ್ದೆ ಬಂತು, ಕನಸೂ ಬಿತ್ತು. ನಾನು ಅದೇ ರೌಂಡಬೌಟಿನಲ್ಲಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಪೂರ್ತಿ ಸುತ್ತು ಹಾಕಿದೆ. ಅದೇ ಪರೀಕ್ಷಕರು ಪಾಸ್ ಎಂದು ಕಾಗದ ಕೊಟ್ಟರು. ಅಂಗೈ ನೋಡುವ ಯೋಚನೆಯೇ ಬರಲಿಲ್ಲ. ಅಷ್ಟು ನಿಜವಾಗಿತ್ತು.

ಬೆಳಿಗ್ಗೆ ಎಚ್ಚರವಾಯಿತು. ಅಜ್ಜಿ ಹೇಳಿಕೊಟ್ಟ ಹಾಗೆ ಅಂಗೈಗಳನ್ನು ಮುಖದ ಮುಂದೆ ಹಿಡಿದೆ. ಈ ಸಲ ಶ್ಲೋಕ ಹೇಳಲಿಲ್ಲ. ಒಂದೇ ಒಂದು ಬೆರಳು ಹೆಚ್ಚಿರಲಿ ಎಂದು ಬೇಡಿಕೊಂಡು ಎಣಿಸಿದೆ. ಹತ್ತಿದ್ದವು. ಮತ್ತೆ ಎರಡು ಸಲ ಎಣಿಸಿ, ಎದ್ದು ಹೋಗಿ ಹಾಲಿಟ್ಟೆ.