ಬೆಟ್ಟದ ಬುಡದಲ್ಲಿ ಎರಡು ಹಲ್ಲು

ಚಳ್ಳಕೆರೆಯಲ್ಲಿ ರಾಂಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ನಮ್ಮ ಸೋದರಮಾವನಿಗೆ ಯಾವತ್ತೂ ಗೊತ್ತಾಗಲಿಲ್ಲ. ಆದರೆ ಮೆಕ್ಸಿಕೋದ ಮಿಡತೆ ಬೆಟ್ಟಕ್ಕೆ ದಾರಿ ಕೇಳಿದರೆ ಸಾಕು, ಊಟದ ತಟ್ಟೆ ಮುಂದಿನಿಂದ ಎದ್ದು ಬಂದು ಹೇಳುತ್ತಿದ್ದರು!

ಮಾವ ಡ್ರಾಯಿಂಗ್ ಮಾಸ್ತರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಅಶೋಕನ ಶಾಸನ ನೋಡಲು ಬಂದ, ಹಳೆಯ ಲಿಪಿಗಳ ವಿದೇಶಿ ವಿದ್ವಾಂಸರೊಬ್ಬರಿಗೆ ಅವರು ಬಂಡೆಯ ಚಿತ್ರ ಬರೆದುಕೊಟ್ಟರು. ಪ್ರತಿಯಾಗಿ ಅಂಚೆಯಲ್ಲಿ ಒಂದು ಕಟ್ಟು ಜೆರಾಕ್ಸ್ ಹಾಳೆ ಬಂತು. ಸ್ಪೇನಿನವರು ಮೆಕ್ಸಿಕೋ ಗೆದ್ದ ಹೊಸತರಲ್ಲಿ ಅಲ್ಲಿನ ಚಿತ್ರಕಾರರು ಬರೆದ ಪುಸ್ತಕದ ಹಾಳೆಗಳು. ಅಲ್ಲಿಯವರ ನಹುವಾಟ್ಲ್ ಭಾಷೆಯ ಊರ ಹೆಸರುಗಳೆಲ್ಲ ಅದರಲ್ಲಿ ಚಿತ್ರಗಳೇ. ಬೆಟ್ಟದ ಮೇಲೆ ಮಿಡತೆ ಕೂತರೆ ಅದು ಮಿಡತೆ ಬೆಟ್ಟ. ಬುಡದಲ್ಲಿ ಎರಡು ಹಲ್ಲಿದ್ದರೆ? ಕಚ್ಚುವುದಕ್ಕಲ್ಲ, ಉಚ್ಚರಿಸುವುದಕ್ಕೆ! ಹಲ್ಲಿಗೆ ಅವರು ಅನ್ನುವ ಪದದ ಸದ್ದೇ ಊರ ಹೆಸರಿನ ಕೊನೆಗೂ ಬರುತ್ತದಂತೆ, ನಮ್ಮ 'ಪುರ' ಬಂದ ಹಾಗೆ.

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ನೆರವಿಗೆ ಹೋದೆ. ಮಾವ ತುದಿ ಬಾಗಿದ ಒಂದು ಬೆಟ್ಟದ ಚಿತ್ರ ತೋರಿಸಿದರು. ಅಲೆ ಇರಬಹುದು ಎಂದೆ. ಹಾಳೆ ಕಿತ್ತುಕೊಂಡರು. ಅಕ್ಷರ ಕಲಿತವರು ಚಿತ್ರ ನೋಡುವ ಮೊದಲೇ ಅರ್ಥ ನೋಡುತ್ತಾರೆ ಎಂಬುದು ಅವರ ಸಿದ್ಧಾಂತ. ಕಂಬಳಿ ಮಾರಲು ಬಂದಿದ್ದ ಕುರಿ ಕಾಯುವ ಹಿರಿಯರಿಗೆ ಅದನ್ನೇ ತೋರಿಸಿದರು.

"ಮಳ್ಯಾಗೆ ಕಂಬ್ಳಿ ಕೊಪ್ಪೆ ಹಾಕ್ಕಂಡು ಕುಂತೈತ್ರಿ" ಎಂದರು ಅವರು, ಮಾರಲು ತಂದ ಕಂಬಳಿಯನ್ನೇ ಮಡಿಸಿ ತಲೆಗೆ ಹೊದ್ದು ತೋರಿಸುತ್ತ.

ಮಾವ ಅದನ್ನೇ ಎಂಟು ಪುಟ ಬೆಳೆಸಿ ವಿದ್ವಾಂಸರಿಗೆ ಕಳಿಸಿದರು. ಉತ್ತರ ಒಂದೇ ಸಾಲು: ಬಾಗಿದ ಬೆಟ್ಟ ಅಷ್ಟೇ, ಕಂಬಳಿ ಇಲ್ಲ. ಎರಡು ದಿನ ಮಾವ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂರನೆಯ ದಿನ, ಆ ವಿದ್ವಾಂಸರು ಬೆಟ್ಟವನ್ನು ಮಳೆಯಲ್ಲಿ ನೋಡಿಲ್ಲ ಎಂದರು.

ಆಮೇಲೆ ಮಾವನ ಕಣ್ಣು ಮಂಜಾಯಿತು. ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಮಾವ ಶಾಲೆ ಬಿಟ್ಟರು, ಉಣ್ಣುವುದು ಬಿಟ್ಟರು, ಗೋಡೆಗೆ ಮುಖ ಮಾಡಿ ಕೂತರು. ಆಗ ಸಹಿ ಹಾಕಲೂ ಬಾರದ ಅತ್ತೆ ಆ ಜೆರಾಕ್ಸ್ ಕಟ್ಟು ಬಿಚ್ಚಿದಳು. ದಿನಕ್ಕೊಂದೇ ಚಿತ್ರ. ಕಂಡದ್ದನ್ನು ಅವಳು ಹೇಳುವುದು, ಊರು ಯಾವುದೆಂದು ಮಾವ ಹೇಳುವುದು. ಆ ಒಂದು ಊರಿಗಾಗಿ ಮಾವ ಸ್ನಾನ ಮಾಡುತ್ತಿದ್ದರು, ಎರಡು ತುತ್ತು ಉಣ್ಣುತ್ತಿದ್ದರು. ಹಾಳೆ ಮುಗಿದರೆ ಈ ಮನುಷ್ಯ ಏನಾಗುತ್ತಾನೆ ಎಂದು ಅತ್ತೆ ನನ್ನನ್ನು ಕೇಳಿದ್ದಳು.

ಹಾಳೆ ಮುಗಿದ ದಿನವೇ ಅಲ್ಲಿದ್ದೆ ಎನ್ನುತ್ತದೆ ನನ್ನ ನೆನಪು. ವಾರದ ಮೇಲೆ ಹೋದೆ ಎನ್ನುತ್ತದೆ ದಿನಚರಿ. ದಿನಚರಿಯನ್ನೇ ನಂಬುತ್ತೇನೆ. ನಾನು ಹೋದಾಗ ಅತ್ತೆ ಹಾಳೆ ಹಿಡಿದು ಹೇಳುತ್ತಿದ್ದಳು:

"ಬೆಟ್ಟ ಐತೆ. ಬುಡದಾಗೆ ಬಾವಿ. ಬಾವಿ ಪಕ್ಕ ಎಮ್ಮೆ ನಿಂತೈತೆ. ಒಂದು ಕೊಂಬು ಮುರ್ದೈತೆ."

ಇಣುಕಿದೆ. ಹಾಳೆ ಖಾಲಿ.

ಮಾವ ಊರು ಹೇಳಲಿಲ್ಲ, ತಲೆಯಾಡಿಸಿದರು. ಅವಳು ಪಾತ್ರೆ ತೊಳೆಯಲು ಒಳಗೆ ಹೋದ ಮೇಲೆ, ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಆ ದೇಶದಲ್ಲಿ ಆಗ ಎಮ್ಮೆ ಇರಲಿಲ್ಲವಲ್ಲ ಮಾವ, ಎಂದೆ. ಓದಿದವರ ಚಾಳಿ!

"ಸುಮ್ನಿರಲೇ. ಆ ಎಮ್ಮೆ ನಂಗೆ ಗೊತ್ತೈತೆ. ಗೌರಸಮುದ್ರದಾಗೆ ಇವ್ಳ ತವರುಮನೇದು. ಮದ್ವೆ ವರ್ಷ ನನ್ನ ಅಟ್ಟಿಸ್ಕಂಡು ಬಂದಿತ್ತು."

ಮೆಲ್ಲಗೆ ಅಂದರು: "ಇಷ್ಟು ವರ್ಷ ಮೆಕ್ಸಿಕೋದ ಊರು ಕೇಳ್ದೆ. ಇವ್ಳ ಊರು ಕೇಳ್ಲೇ ಇಲ್ಲ ನೋಡು."

ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇನ್ನೊಂದು ಊರು ಇವತ್ತೇ ಆಗಲಿ ಎಂದು ಕರೆದರು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದಳು.