ಮೊಮ್ಮಗನಾದ ಮರಿಮೊಮ್ಮಗ

ನಾಯಕರ ತ್ಯಾಗ ವಂಶದ ರಕ್ತದಲ್ಲಿ ಹರಿದುಬರುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೇಶಕ್ಕಾಗಿ ಜೈಲಿಗೆ ಹೋದ ನಮ್ಮ ಮುತ್ತಾತನಿಂದ ಮನೆಗೆ ಹರಿದುಬಂದಿರುವುದು ಸಕ್ಕರೆ ಕಾಯಿಲೆ ಮಾತ್ರ. ತ್ಯಾಗವೂ ಬಂದಿದ್ದರೆ ನನ್ನ ಸೋದರಮಾವ ಒಂದು ಹೂಮಾಲೆಗಾಗಿ ಇಷ್ಟು ಒದ್ದಾಡುತ್ತಿದ್ದನೇ?

ಸೇಲಂನಲ್ಲಿ ನಾಯಕರ ವಾರಸುದಾರರ ಸಂಘವೊಂದಿದೆ. ಮುತ್ತಾತನ ಪ್ರತಿಮೆಗೆ ವರ್ಷಕ್ಕೊಮ್ಮೆ ಮೊದಲ ಮಾಲೆ ಹಾಕುವ ಹಕ್ಕು ತಲೆಮಾರಿನಲ್ಲಿ ಹತ್ತಿರದವರಿಗೆ. ಒಂದೇ ತಲೆಮಾರಿನಲ್ಲಿ ಹಿರಿಯರಿಗೆ. ಮಾಮ ಮರಿಮೊಮ್ಮಗ. ಪಾಲಕೋಡಿನಲ್ಲಿ ಟೊಮೆಟೊ ಮಂಡಿ ಇಟ್ಟಿರುವ ದಾಯಾದಿಯೂ ಮರಿಮೊಮ್ಮಗನೇ, ಆದರೆ ವಯಸ್ಸಿನಲ್ಲಿ ದೊಡ್ಡವನು, ಹಾಗಾಗಿ ಪ್ರತಿ ವರ್ಷ ಮೊದಲ ಮಾಲೆ ಅವನದೇ. "ಅವನ ಬೆನ್ನು ನೋಡಿದ್ದು ಪೋದುಮ್ ಲೇ, ಸಾಕಾಗೋಯ್ತು. ಕಾಲೇಜ್ ಡಿಬೇಟಲ್ಲಿ ಅಷ್ಟೊಂದು ಕಪ್ ಗೆದ್ದಿದ್ದೀಯಲ್ಲ, ನಂಗೋಸ್ಕರ ಒಂದ್ಸಲ ಬಾಯಿ ಬಿಡು" ಎಂದ ಮಾಮ.

ಬಾಯಿ ಬಿಡು ಎಂದು ನನಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಸಂಘದ ಕಾರ್ಯದರ್ಶಿಯ ಮುಂದೆ ಕೂತು ವಾದಿಸಿದೆ. ಅಜ್ಜಿ, ಅಂದರೆ ಮಾಮನ ತಾಯಿ, ಮುತ್ತಾತನ ಮಗಳ ಮಗಳು. ಅವಳು ಮದುವೆಯಾದದ್ದು ಸ್ವಂತ ಸೋದರಮಾವನನ್ನು, ಅಂದರೆ ಮುತ್ತಾತನ ಮಗನನ್ನು. ಎಡಪ್ಪಾಡಿಯ ನಮ್ಮ ನೇಕಾರರ ಮನೆಗಳಲ್ಲಿ ಇದೇನೂ ಹೊಸತಲ್ಲ. ಹೆಣ್ಣು ಹೊರಗೆ ಹೋದರೆ ಮಗ್ಗಕ್ಕೆ ಎರಡು ಕೈ ಕಡಿಮೆ ಎಂಬ ಲೆಕ್ಕ. ಸಂಘದವರು ತಾಯಿಯ ಕಡೆಯಿಂದ ಎಣಿಸಿ ಮಾಮನನ್ನು ಮರಿಮೊಮ್ಮಗ ಮಾಡಿದ್ದರು. ತಂದೆಯ ಕಡೆಯಿಂದ ಎಣಿಸಿದರೆ ಅವನು ಮೊಮ್ಮಗ!

ಕಾರ್ಯದರ್ಶಿ ಗೆರೆ ಎಳೆದೂ ಎಳೆದೂ ಸುಸ್ತಾದರು. "ಇದನ್ನ ವಂಶವೃಕ್ಷ ಅಂತೀಯೇನಮ್ಮ? ಜಮಖಾನ ಇದ್ದಂಗೈತೆ!" ಎಂದು ಕೈಚೆಲ್ಲಿ, ಈ ಸಲದ ಮೊದಲ ಮಾಲೆ ಮಾಮನಿಗೇ ಎಂದು ಬರೆದುಕೊಂಡರು. ರಕ್ತದ ಕಥೆಯನ್ನು ನಂಬದ ನಾನೂ, ಮಾಮನ ಜೊತೆಗೆ ಒಂದು ಮೆಟ್ಟಿಲು ಮೇಲೇರಿದೆನೆಂದು ಒಳಗೊಳಗೇ ಹಿಗ್ಗಿದೆ.

ಮನೆಯಲ್ಲಿ ಅಜ್ಜಿ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು. "ಅವ್ವಾ, ನಾನು ಮೊಮ್ಮಗನಾದೆ!" ಎಂದು ಮಾಮ ಕುಣಿದ.

"ಓ, ಅಂಗಾರೆ ನೀನೂ ನಾನೂ ಒಂದೇ ಸಾಲು ಅನ್ನು. ನಾನು ಉಟ್ಟಿದಾಗಿಂದ್ಲೂ ಮೊಮ್ಮಗಳೇ ಕಣ್ಲಾ. ನಿಂಗಿಂತ ದೊಡ್ಡೋಳು ಬೇರೆ." ರಾಟೆ ನಿಂತಿತು. "ಆ ಬೊಂಬೆನ ಬಸ್ಸಿಂದ್ಲೇ ನೋಡಿವ್ನಿ. ಅತ್ರ ನಿಂತು ಒಂದ್ಸಲಾನೂ ನೋಡಿಲ್ಲ."

ಮಾಮ ಕುಣಿಯುವುದನ್ನು ನಿಲ್ಲಿಸಿದ. ನನ್ನ ವಾದದ ತುಂಬ ಅಜ್ಜಿಯೇ ಇದ್ದಳು. ಅವಳಿಗೂ ಒಂದು ಕೈ ಇದೆ, ಆ ಕೈಯೂ ಮಾಲೆ ಹಾಕಬಲ್ಲದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮಾಲೆಯ ದಿನ ಬೆಳಿಗ್ಗೆ ಕಾರು ಬಂತು. ಹಿಂದಿನ ಸೀಟಿನಲ್ಲಿ ಚಪ್ಪಾಳೆ ತಟ್ಟಲು ಮಾಮನ ಗೆಳೆಯರು ಒತ್ತಿಕೊಂಡು ಕೂತಿದ್ದರು. ಮಾಮ ತೊಡೆಯ ಮೇಲೆ ಮಾಲೆ ಇಟ್ಟುಕೊಂಡು ಸ್ಟಿಯರಿಂಗ್ ಹಿಡಿದಿದ್ದ. ವಾದ ಗೆದ್ದ ಗೌರವಕ್ಕೆ ಅವನ ಪಕ್ಕದ ಸೀಟು ನನ್ನದು. ಅಷ್ಟರಲ್ಲಿ ಅಜ್ಜಿ ಹೊಸ ಸೀರೆ ಉಟ್ಟು ಹೊಸ್ತಿಲು ದಾಟಿ ಬಂದಳು.

ನಾನು ಸೀಟ್ ಬೆಲ್ಟ್ ಬಿಚ್ಚದೆಯೇ ಕೇಳಿದೆ: "ಮಾಮಾ, ಅಜ್ಜಿ ಎಲ್ಲಿ ಕೂತ್ಕೊಳ್ಳೋದು?"