ಭೇಟಿಯ ಉದ್ದೇಶ: ಹೆಂಡತಿ

ಫಾರಮಿನ ಒಂದೇ ಒಂದು ಕಲಮಿನಲ್ಲಿ ಸುಳ್ಳು ಬರೆದಿದ್ದರೆ ಫಿಡೆಲಿಸನಿಗೆ ಆ ದಿನ ಅಷ್ಟು ರಗಳೆ ಆಗುತ್ತಿರಲಿಲ್ಲ. 'ಪಾಸ್‌ಪೋರ್ಟ್ ಬೇಕಾದ ಕಾರಣ' ಎಂದು ಕೇಳಿದ್ದಲ್ಲಿ ಅವನು 'ಹೆಂಡತಿಯನ್ನು ನೋಡಲು' ಎಂದು ಬರೆದ.

ಅವನು ಗಲ್ಫಿನ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಹೆಂಡತಿ ಎವ್ಲಿನ್ ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಇಸ್ತ್ರಿಯವಳು. ಇವನಿಗೆ ರಜೆ ಸಿಕ್ಕಾಗ ಅವಳು ನೀರಿನ ಮೇಲೆ, ಅವಳಿಗೆ ಸಿಕ್ಕಾಗ ಇವನಿಗೆ ಸ್ಟಾಕ್ ಎಣಿಕೆ. ಮುಖ ನೋಡಿ ಹತ್ತೊಂಬತ್ತು ತಿಂಗಳಾಗಿತ್ತು. ನಾಡಿದ್ದು ಹಡಗು ಕೆರಿಬಿಯನ್ನಿನ ಒಂದು ಪುಟ್ಟ ದ್ವೀಪದಲ್ಲಿ ನಿಲ್ಲುತ್ತದೆ, ಅವಳಿಗೆ ಎಂಟು ಗಂಟೆ ಬಿಡುವು. ನಾಲ್ಕು ದಿನದ ರಜೆ ಮಂಜೂರಾಗಿ, ಟಿಕೆಟ್ಟೂ ಆಗಿ, ರಾತ್ರಿಗೆ ವಿಮಾನ. ಪಾಸ್‌ಪೋರ್ಟ್ ಮಾತ್ರ ಕಂಪನಿಯ ಲಾಕರಿನಲ್ಲಿ. ನೌಕರನ ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳಬಾರದೆಂದು ಸರಕಾರದ ಸುತ್ತೋಲೆಯೇ ಇತ್ತು. ಅದರ ಪ್ರತಿಯನ್ನೂ ಕಂಪನಿ ಜೋಪಾನವಾಗಿ ಅದೇ ಲಾಕರಿನಲ್ಲಿಟ್ಟಿತ್ತು.

"ಏನ್ರೀ ಇದು?" ಎಂದರು ಎಚ್‌ಆರ್‌ನ ವೆಂಕಟರಾಮಯ್ಯ. ಮೈಸೂರಿನವರು, ಮೆದು ಮಾತಿನವರು. "ಈ ಕಾರಣ ನಮ್ಮ ಪಟ್ಟೀಲೇ ಇಲ್ಲ. ವಾರ್ಷಿಕ ರಜೆ ಇದೆ, ಹಜ್ ಇದೆ, ಸಾವು ಇದೆ. ಊರಲ್ಲಿ ಯಾರಾದ್ರೂ ತೀರ್ಕೊಂಡಿದ್ದಾರಾ?"

"ಇಲ್ಲ ಸರ್."

"ಛೆ," ಎಂದು ಅವರು ಮನಸಾರೆ ಬೇಸರಪಟ್ಟರು.

ಫಿಡೆಲಿಸ್ ದ್ವೀಪದ ನಿಯಮಗಳ ಹಾಳೆ ಮುಂದಿಟ್ಟ. "ನೋಡಿ ಸರ್. ನಮ್ಮವರಿಗೆ ವೀಸಾ ಬೇಡ. ವಾಪಸ್ ಟಿಕೆಟ್ ಬೇಕು, ಉಳಿಯುವ ವಿಳಾಸ ಬೇಕು, ಎರಡೂ ಉಂಟು. ಅವರೇ ಬಾ ಅಂತಾರೆ."

"ಅವರು ಬಾ ಅಂದ್ರೆ ಆಯ್ತೇ? ನಾವು ಹೋಗು ಅನ್ಬೇಡ್ವೇ? ಇಬ್ಬರ ಜಾಮೀನು ತನ್ನಿ. ನೀವು ಬರದಿದ್ರೆ ಅವರ ಪಾಸ್‌ಪೋರ್ಟ್ ನಮ್ಮ ಹತ್ರ ಇರತ್ತೆ."

"ಅದು ಈಗಲೂ ನಿಮ್ಮ ಹತ್ರವೇ ಉಂಟಲ್ಲ ಸರ್?"

"ಈಗ ಹಸಿರು ಟ್ರೇಲಿದೆ. ಆಮೇಲೆ ಕೆಂಪು ಟ್ರೇಲಿರತ್ತೆ. ಐದು ಗಂಟೆಯೊಳಗೆ ತನ್ನಿ, ಆಮೇಲೆ ಲಾಕರ್ ಖಲಾಸ್."

ಚಹಾ ಮಾಡುವ ಉಮ್ಮರಬ್ಬ ಕೇಳಿದ ಕೂಡಲೇ ಸಹಿ ಹಾಕಿದ. ಹಾಕಿ, ಒಲೆಯ ಕೆಳಗಿನಿಂದ ಒಂದು ಪೊಟ್ಟಣ ತೆಗೆದ. "ನಮ್ಮ ತಂಗಿಯ ಮಗ ಅದೇ ಹಡಗಲ್ಲಿ ಅಡಿಗೆಗೆ ಇದ್ದಾನೆ ಫಿಡೆಲಿಸಣ್ಣ. ಒಂದು ಪ್ಯಾಂಟ್, ಮತ್ತೆ ಸ್ವಲ್ಪ ಹಲಸಿನ ಬೀಜ. ಅಷ್ಟೇ."

ಫಿಡೆಲಿಸ್ ಹಾಳೆ ಓದಿದ. ಬೀಜ, ಗಿಡ, ಮಣ್ಣು ಕೂಡದು. ಪ್ಯಾಂಟ್ ಬಿಡಿಸಿದರೆ ಸೈನಿಕರ ಹಸಿರು ಚುಕ್ಕೆಯದು. ಅಲ್ಲಿ ಸೈನಿಕರಲ್ಲದವರು ಆ ಬಟ್ಟೆ ತೊಡುವಂತಿಲ್ಲ, ತರುವಂತೆಯೂ ಇಲ್ಲ. ಮಕ್ಕಳ ಚಡ್ಡಿಗೂ ಮಾಫಿ ಇಲ್ಲ.

"ಎಂತ ಊರು ಅದು? ಪ್ಯಾಂಟಿಗೆ ಹೆದರುವ ಊರು!" ಎಂದು ಉಮ್ಮರಬ್ಬ ಸಹಿಯ ಮೇಲೆ ಬೆರಳಿಟ್ಟ. "ನೀನು ಕೊಂಡೋಗದಿದ್ದರೆ ನಾನು ಇದನ್ನು ಅಳಿಸ್ತೇನೆ."

ಕೊನೆಗೆ ಬೀಜವನ್ನು ಅಲ್ಲಿಯೇ ಬೇಯಿಸಿ ಎಲ್ಲರೂ ತಿಂದರು. ಪ್ಯಾಂಟಿನ ಬದಲು ಒಂದು ಬಿಳಿ ಟೊಪ್ಪಿ ಫಿಡೆಲಿಸನ ಪೆಟ್ಟಿಗೆ ಸೇರಿತು. ಅಷ್ಟರಲ್ಲಿ ಗಂಟೆ ಎರಡಾಗಿತ್ತು.

ಎರಡನೆಯ ಜಾಮೀನು ಫೋರ್ಕ್‌ಲಿಫ್ಟ್ ಓಡಿಸುವ ಕಾನ್ರಾಡ್. ಅವನು ಯಾವ ಶರತ್ತೂ ಹಾಕದೆ ಸಹಿ ಮಾಡಿದ. ಅದೇ ಭಯ ಹುಟ್ಟಿಸಬೇಕಿತ್ತು. "ಯಲ್ಲಾ, ಬೇಗ ಪೆಟ್ಟಿಗೆ ಕೊಡು, ಚಂದ ಪ್ಯಾಕ್ ಮಾಡಿ ಕೊಡ್ತೇನೆ," ಎಂದು ಒಯ್ದವನು, ಗೋದಾಮಿನ ಪ್ಲಾಸ್ಟಿಕ್ಕನ್ನು ಇಪ್ಪತ್ತು ಸುತ್ತು ಸುತ್ತಿ ತಂದ. ಪೆಟ್ಟಿಗೆ ಜೇಡ ಹಿಡಿದ ನೊಣದ ಹಾಗಿತ್ತು. ಆದರೆ ವಾಸನೆ ಪ್ಲಾಸ್ಟಿಕ್ಕಿನ ಮಾತು ಕೇಳಲಿಲ್ಲ.

"ಕಾನ್ರಾಡ್, ಒಳಗೆ ಎಂತ ಹಾಕಿದ್ದಿ?"

"ನಿನ್ನ ಎವ್ಲಿನ್‌ಗೇ ಮಾರಾಯ. ಒಣ ಸಿಗಡಿ. ಪಾಪ, ಹಡಗಲ್ಲಿ ಬ್ರೆಡ್ ತಿಂದು ತಿಂದು..."

"ಹಾಳೆಯಲ್ಲಿ ಮೀನೂ ಕೂಡದು ಅಂತ ಬರೆದಿದೆ!"

"ಒಣಗಿದ ಮೇಲೆ ಅದು ಮೀನಾ? ಮತ್ತೆ, ಸಿಗಡಿಗೆ ಮೀನು ಅಂತ ಯಾರು ಹೇಳಿದ್ದು?"

ಚಹಾಕ್ಕೆ ಬಂದವರೆಲ್ಲ ಸುತ್ತ ನಿಂತು ಈ ಪ್ರಶ್ನೆಯನ್ನು ಚರ್ಚಿಸಿದರು. ದ್ವೀಪದ ಕಸ್ಟಮ್ಸಿನಲ್ಲೂ ಅಷ್ಟು ಅಧಿಕಾರಿಗಳು ಇರಲಾರರು. ಫಿಡೆಲಿಸ್ ಚೂರಿಯಿಂದ ಕೊಯ್ಯುತ್ತ ಹೋದ. ಹತ್ತೊಂಬತ್ತನೆಯ ಸುತ್ತಿಗೆ, ಪ್ಲಾಸ್ಟಿಕ್ಕಿನಡಿ ಸೇರಿಸಿದ್ದ ಸಿಗಡಿಯ ಚೀಲವೇ ಹರಿದು ಅಂಗಿ, ಕೈ, ಜಾಮೀನಿನ ಫಾರಮ್ ಎಲ್ಲವೂ ಮಲ್ಪೆ ಬಂದರಾದವು. ಗಂಟೆ ಐದಕ್ಕೆ ಆರು ನಿಮಿಷ. ತೊಳೆಯಲು ಹೊತ್ತಿಲ್ಲದೆ ಹಾಗೆಯೇ ಓಡಿದ.

ವೆಂಕಟರಾಮಯ್ಯನವರು ಈರುಳ್ಳಿಯನ್ನೂ ತಿನ್ನದವರು. ಎಸಿ ಕೋಣೆಯಲ್ಲಿ ಫಾರಮ್ ಮುಟ್ಟಿದ್ದೇ ತಡ, ಅವರ ಮುಖ ಹಿಂಡಿದ ನಿಂಬೆಯಾಯಿತು.

"ಸರ್, ಇನ್ನೂ ಏನಾದರೂ ಪ್ರಶ್ನೆ..."

"ಏನೂ ಇಲ್ಲ! ಹತ್ರ ಬರ್ಬೇಡಿ!" ಕರವಸ್ತ್ರದೊಳಗಿಂದ ಹೇಳಿ, ಲಾಕರ್ ತೆರೆದು, ಎರಡು ಪಾಸ್‌ಪೋರ್ಟ್ ಕೆಂಪು ಟ್ರೇಗೆ ಎಸೆದು, ಮೂರನೆಯದನ್ನು ಮೇಜಿನ ಮೇಲೆ ದೂಡಿದರು. "ತಗೊಳ್ಳಿ, ಹೊರಡಿ. ಹೆಂಡತೀನೋ, ಯಾರನ್ನೋ, ನೋಡ್ಕೊಂಡು ಬನ್ನಿ."

ಹತ್ತೊಂಬತ್ತು ತಿಂಗಳ ಮೇಲೆ ತನ್ನ ಪಾಸ್‌ಪೋರ್ಟ್ ತನ್ನ ಕೈಯಲ್ಲಿ. ಅದರೊಳಗಿನ ಫೋಟೋದಲ್ಲಿ ಅವನಿಗೆ ಇನ್ನೂ ತಲೆ ತುಂಬ ಕೂದಲಿತ್ತು. ಹೊರಗೆ ಕಾನ್ರಾಡ್ ಮತ್ತು ಉಮ್ಮರಬ್ಬ ಮದುಮಗನನ್ನು ಕಳಿಸುವವರ ಹಾಗೆ ಶಿಳ್ಳೆ ಹಾಕುತ್ತಿದ್ದರು. ಫೋನ್ ಹೊಡೆದುಕೊಂಡಿತು. ಎವ್ಲಿನ್.

"ಸಿಕ್ಕಿತು ಎವ್ಲಿನ್! ನನ್ನ ಕೈಯಲ್ಲೇ ಉಂಟು!"

ಅತ್ತ ಕಡೆ ಯಂತ್ರಗಳ ಸದ್ದು. "ಫಿಡೆಲಿಸ್, ಇಲ್ಲಿ ದಡಕ್ಕೆ ಇಳಿಯುವವರಿಗೆ ಫಾರಮ್ ಕೊಟ್ಟರು. ಯಾರನ್ನು ಕಾಣ್ಲಿಕ್ಕೆ ಅಂತ ಕೇಳಿದರು. ಗಂಡನನ್ನು ಅಂತ ಬರೆದೆ."

"ಸರಿಯೇ ಅಲ್ವಾ?"

"ಇಳಿಯುವವರ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದರು. ದಡದಲ್ಲಿ ಗಂಡ ಇರುವವಳು ಹಡಗಿಗೆ ವಾಪಸ್ ಬರುವುದಿಲ್ಲಂತೆ. ನನ್ನ ಪಾಸ್‌ಪೋರ್ಟೂ ಅವರ ಕೈಯಲ್ಲೇ. ಇಳಿಯುವ ಹಾಗಿಲ್ಲ."

ಶಿಳ್ಳೆ ನಿಂತಿತು. ಫಿಡೆಲಿಸ್ ಪಾಸ್‌ಪೋರ್ಟನ್ನು ಜೇಬಿಗೆ ಹಾಕಿದ.

"ನಾನೇ ಹಡಗಿಗೆ ಬರ್ತೇನೆ."

"ಹೊರಗಿನವರನ್ನು ಬಿಡುವುದಿಲ್ಲ. ನಾವೂ ಮೇಲಿನ ಡೆಕ್ಕಿಗೆ ಹೋಗುವ ಹಾಗಿಲ್ಲ."

"ಹಾಗಾದರೆ ಹಡಗು ಕಟ್ಟುವ ದಕ್ಕೆಯಲ್ಲಿ ನಿಲ್ತೇನೆ. ಅಷ್ಟಕ್ಕೆ ಯಾರೂ ಬೇಡ ಅನ್ನಲಾರರು. ನೀನು ಕಿಟಕಿಯಿಂದ ಕೈ ಬೀಸು. ಯಾವ ಮಾಳಿಗೆ ಹೇಳು, ನೋಡಿಕೊಳ್ತೇನೆ."

"ಲಾಂಡ್ರಿ ನೀರಿನ ಕೆಳಗೆ ಉಂಟು ಮಾರಾಯ," ಎಂದಳು ಎವ್ಲಿನ್. "ಕಿಟಕಿ ಇಲ್ಲ."